ಬಂಗಾರಪೇಟೆಗೆ 131, ಕುಪ್ಪಂಗೆ 159: ರಾಷ್ಟ್ರಪತಿ ಚುನಾವಣೆಯ ತೂಕದ ಲೆಕ್ಕ



2022ರ ಜುಲೈ ತಿಂಗಳು. ರಾಷ್ಟ್ರಪತಿ ಚುನಾವಣೆಯ ಸುದ್ದಿ ಪತ್ರಿಕೆಗಳಲ್ಲಿ ತುಂಬಿತ್ತು. ನಾನು ಒಂಬತ್ತನೇ ತರಗತಿಗೆ ಕನ್ನಡ ಪಾಠ ಮುಗಿಸಿ ಪುಸ್ತಕ ಮುಚ್ಚುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಪತ್ರಿಕೆಯ ತುಂಡು ಹಿಡಿದು ಎದ್ದು ನಿಂತ. "ಸರ್, ನಮ್ಮ ಎಂಎಲ್ಎ ಓಟಿಗೆ 131 ಅಂತ ಹಾಕಿದ್ದಾರೆ. ನಮ್ಮ ಮಾಮೂ ಇರೋದು ಕುಪ್ಪಂನಲ್ಲಿ, ಅಲ್ಲಿಯವರಿಗೆ 159. ನಾವೇನು ಅವರಿಗಿಂತ ಕಡಿಮೆಯಾ?" ತರಗತಿ ನಕ್ಕಿತು. ನಾನು ನಗಲಿಲ್ಲ. ಏಕೆಂದರೆ ಆ ಪ್ರಶ್ನೆಗೆ ಅಂದು ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿ ತಿಳಿದುಕೊಂಡದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ನೀವು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಜೋಲಾರಪೇಟೆ ಕಡೆಯ ರೈಲು ಹತ್ತಿ ಕುಳಿತರೆ ಕಾಮಸಮುದ್ರ ದಾಟಿ ಸ್ವಲ್ಪ ಹೊತ್ತಿಗೆಲ್ಲ ಆಂಧ್ರದ ಕುಪ್ಪಂ ಬರುತ್ತದೆ. ಇನ್ನೂ ಮುಂದೆ ಹೋದರೆ ತಮಿಳುನಾಡಿನ ಜೋಲಾರಪೇಟೆ. ಒಂದೇ ಹಳಿ, ಒಂದೇ ಡಬ್ಬಿ, ಮೂರು ರಾಜ್ಯ. ಈ ಮೂರು ಊರುಗಳಿಗೂ ಒಬ್ಬೊಬ್ಬ ಶಾಸಕರಿದ್ದಾರೆ. 2022ರ ಚುನಾವಣೆಯಲ್ಲಿ ಬಂಗಾರಪೇಟೆ ಶಾಸಕರ ಒಂದು ಮತದ ಮೌಲ್ಯ 131, ಕುಪ್ಪಂ ಶಾಸಕರದು 159, ಜೋಲಾರಪೇಟೆ ಶಾಸಕರದು 176. ಕೆ.ಜಿ.ಎಫ್. ಶಾಸಕರದೂ 131. ಕೋಲಾರ ಜಿಲ್ಲೆಯ ಆರು ಶಾಸಕರನ್ನು ಕೂಡಿಸಿದರೆ 786. ಈ ಅಂಕಿಗಳು ಎಲ್ಲಿಂದ ಬಂದವು?

ಲೆಕ್ಕದ ಬಗೆ

ನಮ್ಮ ರಾಷ್ಟ್ರಪತಿಯವರನ್ನು ಜನ ನೇರವಾಗಿ ಆರಿಸುವುದಿಲ್ಲ. ಲೋಕಸಭೆ, ರಾಜ್ಯಸಭೆಗಳ ಚುನಾಯಿತ ಸದಸ್ಯರು ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಸೇರಿದ ಮತದಾರರ ಮಂಡಲಿ ಆರಿಸುತ್ತದೆ. ಸಂವಿಧಾನದ 54ನೇ ವಿಧಿ ಇದನ್ನು ಹೇಳುತ್ತದೆ. ಯಾರ ಮತಕ್ಕೆ ಎಷ್ಟು ತೂಕ ಎಂಬುದನ್ನು 55ನೇ ವಿಧಿ ಹೇಳುತ್ತದೆ.

ಲೆಕ್ಕ ಸುಲಭ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಬೇಕು. ಬಂದ ಉತ್ತರದಲ್ಲಿ ಎಷ್ಟು ಸಾವಿರಗಳಿವೆಯೋ ಅಷ್ಟು ಮತ. ಉಳಿದ ಶೇಷ ಐನೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸಬೇಕು. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 2,92,99,014. ಶಾಸಕರು 224. ಭಾಗಿಸಿದರೆ 1,30,799. ಅಂದರೆ 130 ಸಾವಿರ, ಶೇಷ 799. ಒಂದು ಸೇರಿಸಿ 131. ಸ್ಲೇಟು ಹಿಡಿದು ನೀವೇ ಮಾಡಿ ನೋಡಿ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಆಂಧ್ರದಲ್ಲಿ 175 ಶಾಸಕರು. ತಲಾ 159ರಂತೆ ಇಡೀ ರಾಜ್ಯದ ತೂಕ 27,825. ನಮ್ಮಲ್ಲಿ 224 ಶಾಸಕರು, ತಲಾ 131ರಂತೆ 29,344. ರಾಜ್ಯವಾಗಿ ನೋಡಿದರೆ ನಮ್ಮ ತೂಕವೇ ಹೆಚ್ಚು. ನಮ್ಮಲ್ಲಿ ಶಾಸಕರು ಹೆಚ್ಚಿರುವುದರಿಂದ ಒಬ್ಬೊಬ್ಬರ ಪಾಲು ಕಡಿಮೆ, ಅಷ್ಟೆ. ಒಂದು ರೊಟ್ಟಿಯನ್ನು ನಾಲ್ವರು ಹಂಚಿಕೊಂಡರೂ ಆರು ಜನ ಹಂಚಿಕೊಂಡರೂ ರೊಟ್ಟಿ ಒಂದೇ.

ಇನ್ನೊಂದು ಉದಾಹರಣೆ ಕುಪ್ಪಂನಿಂದಲೇ ಸಿಗುತ್ತದೆ. 2014ರಲ್ಲಿ ಆಂಧ್ರ ಇಬ್ಭಾಗವಾಗುವ ಮುಂಚೆ ಅಲ್ಲಿ 294 ಶಾಸಕರಿದ್ದರು, ಒಬ್ಬರ ಮತಮೌಲ್ಯ 148. ತೆಲಂಗಾಣ ಬೇರೆಯಾದ ಮೇಲೆ ಕುಪ್ಪಂ ಶಾಸಕರ ಮೌಲ್ಯ 159ಕ್ಕೆ ಏರಿತು, ಹೈದರಾಬಾದಿನ ಕಡೆಯ ಶಾಸಕರದು 132ಕ್ಕೆ ಇಳಿಯಿತು. ಲೆಕ್ಕದಲ್ಲಿ ಒಬ್ಬ ಮನುಷ್ಯನೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಭಾಗಿಸುವ ಬಗೆ ಬದಲಾಯಿತು, ಅಷ್ಟೆ.

ಒಬ್ಬ ಶಾಸಕನಿಗೆ ಒಂದೇ ಮತ ಎಂದಿಟ್ಟಿದ್ದರೆ ಏನಾಗುತ್ತಿತ್ತು? ಸಿಕ್ಕಿಂನಲ್ಲಿ 32 ಶಾಸಕರು. ಆ ರಾಜ್ಯದ ತೂಕ ನಮ್ಮ ಏಳರಲ್ಲಿ ಒಂದು ಪಾಲು ಆಗಿಬಿಡುತ್ತಿತ್ತು. ಆದರೆ 1971ರಲ್ಲಿ ಅಲ್ಲಿಯ ಜನ ನಮ್ಮ ಜನರ 140ರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದಲೇ ಸಿಕ್ಕಿಂ ಶಾಸಕರ ಮತಕ್ಕೆ ಮೌಲ್ಯ 7. ತೂಕ ಶಾಸಕನದಲ್ಲ, ಅವನ ಹಿಂದಿರುವ ಜನರದು.

ಎಲ್ಲಾ ಶಾಸಕರ ಮತಗಳನ್ನು ಕೂಡಿಸಿ ಸಂಸತ್ ಸದಸ್ಯರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮತಮೌಲ್ಯ ಬರುತ್ತದೆ. 2022ರಲ್ಲಿ ಶಾಸಕರ ಒಟ್ಟು ಮತ 5,43,231. ಸಂಸದರು 776. ಒಬ್ಬರಿಗೆ 700. ಹೀಗೆ ಕೇಂದ್ರ ಮತ್ತು ರಾಜ್ಯಗಳ ತಕ್ಕಡಿ ಸಮವಾಗುತ್ತದೆ. 2017ರಲ್ಲಿ ಈ ಮೌಲ್ಯ 708 ಇತ್ತು. 2022ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭೆ ಇರಲಿಲ್ಲವಾದ್ದರಿಂದ ಇಳಿಯಿತು.

ಈ ಪದ್ಧತಿ ಬಂದ ದಾರಿ

ಸಂವಿಧಾನ ರಚನಾ ಸಭೆಯಲ್ಲಿ ಈ ವಿಷಯ ಸುಮ್ಮನೆ ಒಪ್ಪಿಗೆಯಾದದ್ದಲ್ಲ. ಪ್ರೊ. ಕೆ.ಟಿ. ಷಾ ಅವರು ರಾಷ್ಟ್ರಪತಿಯನ್ನು ವಯಸ್ಕರೆಲ್ಲರೂ ನೇರವಾಗಿ ಆರಿಸಬೇಕೆಂದು ವಾದಿಸಿದರು. ನೆಹರೂ ಮತ್ತು ಅಂಬೇಡ್ಕರ್ ಅವರು ಒಪ್ಪಲಿಲ್ಲ. ನಿಜವಾದ ಅಧಿಕಾರ ಮಂತ್ರಿಮಂಡಲದ್ದು. ಹಾಗಿರುವಾಗ ಕೋಟಿಗಟ್ಟಲೆ ಜನರಿಂದ ನೇರವಾಗಿ ಆರಿಸಿ ಬಂದ ರಾಷ್ಟ್ರಪತಿಯೂ ಪ್ರಧಾನಿಯೂ ಎದುರುಬದುರಾಗಬಹುದು ಎಂಬುದು ಒಂದು ಕಾರಣ. ಅಷ್ಟು ದೊಡ್ಡ ಚುನಾವಣೆಯ ಖರ್ಚು, ಶ್ರಮ ಇನ್ನೊಂದು. ಹಾಗೆಂದು ಸಂಸತ್ತು ಮಾತ್ರ ಆರಿಸಿದರೆ ಅವರು ಬಹುಮತದ ಪಕ್ಷದ ಮನುಷ್ಯರಾಗಿಬಿಡುತ್ತಾರೆ. ಆದ್ದರಿಂದ ರಾಜ್ಯಗಳನ್ನೂ ಸೇರಿಸಿಕೊಂಡ ಮಧ್ಯದ ದಾರಿ ಹಿಡಿದರು.

ಆ ಸಭೆಯಲ್ಲಿ ನಮ್ಮ ನೆಲದವರೂ ಇದ್ದರು. ಕ್ಯಾಸಂಬಳ್ಳಿಯಲ್ಲಿ ಹುಟ್ಟಿ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. ಇನ್ನು ಪ್ರೊ. ಷಾ ಅವರು ತಾವು ಬೇಡವೆಂದ ಪದ್ಧತಿಯಲ್ಲೇ 1952ರ ಮೊದಲ ಚುನಾವಣೆಗೆ ನಿಂತರು. ಬಾಬು ರಾಜೇಂದ್ರ ಪ್ರಸಾದರಿಗೆ 5,07,400, ಅವರಿಗೆ 92,827 ಮತ ಬಂದವು. ಸೋತರೂ ತಮ್ಮ ಮಾತನ್ನು ನಿಯಮದೊಳಗೇ ನಿಂತು ಹೇಳಿದ ಅವರ ರೀತಿ ನಮಗೆ ಪಾಠ.

1967ರಲ್ಲಿ ಡಾ. ಜಾಕಿರ್ ಹುಸೇನ್ ಅವರು 4,71,244 ಮತ ಪಡೆದು, ಎದುರಾಳಿ ಕೆ. ಸುಬ್ಬರಾವ್ ಅವರ 3,63,971ನ್ನು ಮೀರಿಸಿ ರಾಷ್ಟ್ರಪತಿಯಾದರು. ಜಾಮಿಯಾ ಮಿಲ್ಲಿಯಾವನ್ನು ಕಟ್ಟಿ ಬೆಳೆಸಿದ ಉಪಾಧ್ಯಾಯರೊಬ್ಬರು ದೇಶದ ಮೊದಲ ಪ್ರಜೆಯಾದ ಘಳಿಗೆ ಅದು. 1969ರ ಮೇ 3ರಂದು ಅವರು ತೀರಿಕೊಂಡರು. ಅವರ ನಂತರದ ಚುನಾವಣೆಯ ಬಿರುಗಾಳಿ ಎದ್ದದ್ದು ನಮ್ಮ ಬೆಂಗಳೂರಿನಲ್ಲಿ.

ಆ ವರ್ಷ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಸಮಾವೇಶದ ವೇಳೆ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ತೀರ್ಮಾನಿಸಲಾಯಿತು. ಆಗ ಪಕ್ಷದ ಅಧ್ಯಕ್ಷರು ನಮ್ಮ ರಾಜ್ಯದ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಾಸಕರು, ಸಂಸದರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದರು. ಈ ಚುನಾವಣೆಯಲ್ಲಿ ಮತದಾನ ರಹಸ್ಯ, ಪಕ್ಷದ ವಿಪ್ ನಡೆಯುವುದಿಲ್ಲ. ಗೆಲ್ಲಲು ಬೇಕಿದ್ದದ್ದು 4,18,169. ಮೊದಲ ಎಣಿಕೆಯಲ್ಲಿ ವಿ.ವಿ. ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548. ಯಾರೂ ಗುರಿ ಮುಟ್ಟಲಿಲ್ಲ. ಉಳಿದವರ ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ ಗಿರಿಯವರು 4,20,077 ಪಡೆದು ಗೆದ್ದರು. ರೆಡ್ಡಿಯವರದು 4,05,427. ಅದೇ ವರ್ಷ ಕಾಂಗ್ರೆಸ್ ಒಡೆಯಿತು.

ಅಮೆರಿಕದ ಜಗಳ, ಕೆ.ಜಿ.ಎಫ್.ನ ಒಂಟಿ ಮತ

ಇಲ್ಲಿ ಸ್ವಲ್ಪ ಅಮೆರಿಕದ ಕಡೆ ನೋಡಬೇಕು. ಅಲ್ಲಿಯೂ ಅಧ್ಯಕ್ಷರನ್ನು ಆರಿಸುವುದು ಒಂದು ಮತದಾರರ ಮಂಡಲಿಯೇ. ಒಟ್ಟು 538 ಮತ, ಗೆಲುವಿಗೆ 270. ಪ್ರತಿ ರಾಜ್ಯಕ್ಕೆ ಇಷ್ಟು ಮತ ಎಂದು ಗೊತ್ತಾಗಿರುತ್ತದೆ. 48 ರಾಜ್ಯಗಳಲ್ಲಿ ಯಾರಿಗೆ ಹೆಚ್ಚು ಜನ ಮತ ಹಾಕಿದರೋ ಅವರಿಗೇ ಆ ರಾಜ್ಯದ ಎಲ್ಲಾ ಮತ. 2000ನೇ ಇಸವಿಯಲ್ಲಿ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಅವರಿಗೆ ಬಂದ ಮುನ್ನಡೆ ಕೇವಲ 537 ಮತ. ಅಲ್ಲಿಯ 25 ಮತಗಳೂ ಅವರ ಪಾಲಾದವು. ಇಡೀ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಅಧಿಕ ಪಡೆದಿದ್ದ ಆಲ್ ಗೋರ್ ಸೋತರು.

ಮೇನ್ ಮತ್ತು ನೆಬ್ರಾಸ್ಕ ಎಂಬ ಎರಡು ರಾಜ್ಯಗಳು ಮಾತ್ರ ಜಿಲ್ಲಾವಾರು ಹಂಚುತ್ತವೆ. ಮೇನ್‌ನಲ್ಲಿ ಇದು 1972ರ ಚುನಾವಣೆಯಿಂದ, ನೆಬ್ರಾಸ್ಕದಲ್ಲಿ 1992ರಿಂದ ನಡೆದು ಬಂದಿದೆ. 2008ರಲ್ಲಿ ನೆಬ್ರಾಸ್ಕ ರಾಜ್ಯದಲ್ಲಿ ಸೋತರೂ ಒಬಾಮ ಅವರಿಗೆ ಅಲ್ಲಿಯ ಒಂದು ಮತ ಸಿಕ್ಕಿತು. ಮತಗಳನ್ನು ಹಂಚೋಣ ಎಂದು ಕೊಲರಾಡೊದಲ್ಲಿ 2004ರಲ್ಲಿ ಕೇಳಿದಾಗ ಮತದಾರರು ಬೇಡವೆಂದರು. ಹಂಚುವುದು ಬೇಡ, ಎಲ್ಲಾ ಒಬ್ಬರಿಗೇ ಹೋಗಲಿ ಎಂದು ನೆಬ್ರಾಸ್ಕದಲ್ಲಿ 2024ರಲ್ಲಿ ನಡೆದ ಪ್ರಯತ್ನವೂ ಕೈಗೂಡಲಿಲ್ಲ. ಲಾಭವಿದ್ದ ಕಡೆ ಹಂಚಬೇಕು ಎನ್ನುತ್ತಾರೆ, ನಷ್ಟವಾಗುವ ಕಡೆ ಬೇಡ ಎನ್ನುತ್ತಾರೆ. ಎರಡೂ ಪಕ್ಷಗಳದು ಇದೇ ಕಥೆ.

ಇದೇ ನಿಯಮ ನಮ್ಮಲ್ಲಿದ್ದರೆ? 224 ಶಾಸಕರಲ್ಲಿ 113 ಮಂದಿ ಒಬ್ಬ ಅಭ್ಯರ್ಥಿಯ ಕಡೆ ನಿಂತರೆ ಸಾಕು, 29,344 ಮತಗಳೂ ಅವರಿಗೇ. ಉಳಿದ 111 ಶಾಸಕರ 14,541 ಮತ ತಮಗೆ ಬೇಡದವರ ಖಾತೆಗೆ ಜಮಾ ಆಗುತ್ತಿತ್ತು. ನಮ್ಮ ಕೆ.ಜಿ.ಎಫ್. ಕ್ಷೇತ್ರವನ್ನು ನೆನೆಯಿರಿ. ಗಣಿ ಕಾರ್ಮಿಕರ ಊರು, ತಮಿಳು, ತೆಲುಗು, ಕನ್ನಡ, ಉರ್ದು ಬೆರೆತ ಊರು. ಇಲ್ಲಿಂದ ಕಾಂಗ್ರೆಸ್, ಭಾಜಪ ಮಾತ್ರವಲ್ಲ, ರಿಪಬ್ಲಿಕನ್ ಪಕ್ಷ, ಮಾರ್ಕ್ಸಿಸ್ಟ್ ಪಕ್ಷ, ಅಣ್ಣಾ ಡಿಎಂಕೆ ಶಾಸಕರೂ ವಿಧಾನಸೌಧಕ್ಕೆ ಹೋಗಿದ್ದಾರೆ. ರಾಜ್ಯದಲ್ಲಿ ಅವರ ಪಕ್ಷಕ್ಕೆ ಬಲವಿಲ್ಲದಿರಬಹುದು, ಆದರೂ ಅವರ ಮತ ಅವರು ಹಾಕಿದ ಕಡೆಯೇ ದೆಹಲಿಯಲ್ಲಿ ಎಣಿಕೆಯಾಗುತ್ತದೆ. ಒಂಟಿಯಾಗಿ ನಿಂತವನ ಮಾತನ್ನೂ ನುಂಗದಿರುವುದು ನಮ್ಮ ಪದ್ಧತಿಯ ದೊಡ್ಡ ಗುಣ. ಇದನ್ನು ನಾವು ಬಿಟ್ಟುಕೊಡಬಾರದು.

ಆದರೆ ಒಂದು ವಿಷಯದಲ್ಲಿ ಅಮೆರಿಕ ನಮಗಿಂತ ಮುಂದಿದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಅಲ್ಲಿ ರಾಜ್ಯಗಳ ತೂಕ ಬದಲಾಗುತ್ತದೆ. 2020ರ ಗಣತಿಯ ನಂತರ ಕ್ಯಾಲಿಫೋರ್ನಿಯ 55ರಿಂದ 54ಕ್ಕೆ ಇಳಿಯಿತು, ಟೆಕ್ಸಾಸ್ 38ರಿಂದ 40ಕ್ಕೆ ಏರಿತು. ಅವರ ಜಗಳ ಹಂಚಿಕೆಯದು. ನಮ್ಮ ಜಗಳ ತೂಕದ್ದು.

1971ರಲ್ಲಿ ನಿಂತ ಲೆಕ್ಕ

ಮೇಲೆ ನಾನು ಲೆಕ್ಕ ಮಾಡಿದ್ದು 1971ರ ಜನಸಂಖ್ಯೆಯಿಂದ ಎಂಬುದನ್ನು ನೀವು ಗಮನಿಸಿರಬಹುದು. 2022ರ ಚುನಾವಣೆಗೆ 1971ರ ಅಂಕಿ ಏಕೆ?

ಮೊದಲಿಗೆ ನಿಯಮ ಹೀಗಿರಲಿಲ್ಲ. ಇತ್ತೀಚಿನ ಜನಗಣತಿಯ ಅಂಕಿಯನ್ನೇ ತೆಗೆದುಕೊಳ್ಳಬೇಕೆಂದಿತ್ತು. 1976ರ ರಾಷ್ಟ್ರೀಯ ಜನಸಂಖ್ಯಾ ನೀತಿ ಮತ್ತು ಅದೇ ವರ್ಷದ 42ನೇ ತಿದ್ದುಪಡಿ ಇದನ್ನು 1971ಕ್ಕೆ ಕಟ್ಟಿಹಾಕಿದವು. ಕಾರಣ ಇಷ್ಟು: ಕುಟುಂಬ ಯೋಜನೆಯನ್ನು ಚೆನ್ನಾಗಿ ನಡೆಸಿದ ರಾಜ್ಯದಲ್ಲಿ ಜನಸಂಖ್ಯೆ ನಿಧಾನವಾಗಿ ಬೆಳೆಯುತ್ತದೆ, ಅದರ ತೂಕ ಇಳಿಯುತ್ತದೆ. ಒಳ್ಳೆಯ ಕೆಲಸ ಮಾಡಿದವರಿಗೆ ಶಿಕ್ಷೆ ಆಗಬಾರದು. ಈ ಕಟ್ಟು 2000ದವರೆಗೆ ಎಂದಿತ್ತು. 84ನೇ ತಿದ್ದುಪಡಿ ಅದನ್ನು ಮುಂದಕ್ಕೆ ತಳ್ಳಿ, 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಎಂದು ಬರೆಯಿತು.

ನನ್ನ ಮನೆಯನ್ನೇ ಉದಾಹರಣೆ ಮಾಡಿಕೊಳ್ಳುತ್ತೇನೆ. 1971ರಲ್ಲಿ ನನ್ನ ದಾದಾ ಅವರು ರಾಬರ್ಟ್‌ಸನ್‌ಪೇಟೆಯಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದರು. ಆಗ ಗಣಿಯ ಸೈರನ್ನಿಗೆ ಊರು ಏಳುತ್ತಿತ್ತು. ದಾದಾ, ದಾದಿ, ಬಾಲಕನಾಗಿದ್ದ ನನ್ನ ಅಬ್ಬಾ, ಮೂವರೂ ಆ ಲೆಕ್ಕದಲ್ಲಿದ್ದಾರೆ. ದಾದಾ ದಾದಿ ಈಗಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಗಣಿ ಕಾಲೋನಿಗಳ ಮಕ್ಕಳು ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ದಿನಾ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಾರೆ. ನಾನು, ನನ್ನ ಹೆಂಡತಿ, ನಮ್ಮ ಮಗಳು, ನನ್ನೆದುರು ಕೂರುವ ಎಲ್ಲಾ ವಿದ್ಯಾರ್ಥಿಗಳು, ಯಾರೂ ಆ 131ರಲ್ಲಿ ಇಲ್ಲ. 2022ರ ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಊರಿನ ಪರವಾಗಿ ತಕ್ಕಡಿಯಲ್ಲಿ ಕುಳಿತವರು 1971ರ ಜನ.

ಎರಡು ಕಡೆಯ ಮಾತು

ಬದಲಾಯಿಸಬೇಕು ಎನ್ನುವವರ ವಾದವನ್ನು ಮೊದಲು ಕೇಳೋಣ. 1971ರಲ್ಲಿ ಎಲ್ಲಾ ರಾಜ್ಯಗಳಲ್ಲೂ ಒಂದು ಲಕ್ಷ ಜನರಿಗೆ ಸುಮಾರು ನೂರು ಮತ ಇತ್ತು. ಅದೇ ಮತಗಳನ್ನು 2011ರ ಜನಸಂಖ್ಯೆಗೆ ಹಂಚಿದರೆ ಒಂದು ಲಕ್ಷ ಜನರಿಗೆ ಕೇರಳದಲ್ಲಿ 64, ತಮಿಳುನಾಡಿನಲ್ಲಿ 57, ಕರ್ನಾಟಕದಲ್ಲಿ 48, ಉತ್ತರ ಪ್ರದೇಶದಲ್ಲಿ 42. ಲಖನೌ ಹತ್ತಿರದ ಹಳ್ಳಿಯ ಬಡ ರೈತನ ಮಗು ಕೇರಳದ ಮಗುವಿಗಿಂತ ಹಗುರವಾದದ್ದು ಏಕೆ? ಆ ಮಗು ಏನು ತಪ್ಪು ಮಾಡಿತು? ದುಡಿಮೆಗಾಗಿ ಬಿಹಾರದಿಂದ ಬೆಂಗಳೂರಿಗೆ ಬಂದು ನೆಲೆಸಿದವನು ಕರ್ನಾಟಕದ ಲೆಕ್ಕಕ್ಕೆ ಬರಬೇಡವೇ? ನಿಂತ ಅಂಕಿಗೆ ಇದೊಂದೂ ಕಾಣುವುದಿಲ್ಲ. ಈ ಮಾತಿನಲ್ಲಿ ನ್ಯಾಯವಿದೆ.

ಇನ್ನು ಬೇಡ ಎನ್ನುವವರ ವಾದ. 2011ರ ಅಂಕಿಯಿಂದ ಭಾಗಿಸಿದರೆ ನಮ್ಮ ಶಾಸಕರ ಮೌಲ್ಯ 131ರಿಂದ 273ಕ್ಕೆ ಏರುತ್ತದೆ. ಕೇಳಲು ಚೆನ್ನ. ಆದರೆ ಉತ್ತರ ಪ್ರದೇಶದ ಶಾಸಕರದು 208ರಿಂದ 496ಕ್ಕೆ ಏರುತ್ತದೆ. 1971ರಲ್ಲಿ ನಮ್ಮ ತೂಕ 100 ಎಂದಾದರೆ ಉತ್ತರ ಪ್ರದೇಶದ್ದು 286. 2011ರಲ್ಲಿ ಅದು 327. ಕೇರಳದ ತೂಕ 100 ಎಂದಿಟ್ಟುಕೊಂಡರೆ ಉತ್ತರ ಪ್ರದೇಶದ್ದು 393ರಿಂದ 598ಕ್ಕೆ ಹೋಗುತ್ತದೆ. ಕೇರಳ ಮಾಡಿದ್ದೇನು? ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿತು, ಹಳ್ಳಿಹಳ್ಳಿಗೆ ಆಸ್ಪತ್ರೆ ಕಟ್ಟಿತು. ಹೆಣ್ಣುಮಗಳು ಓದಿದರೆ ಕುಟುಂಬ ಚಿಕ್ಕದಾಗುತ್ತದೆ. ಇದಕ್ಕೆ ಬಹುಮಾನ ತೂಕ ಕಡಿತವೇ? ಈ ಮಾತಿನಲ್ಲೂ ನ್ಯಾಯವಿದೆ. 2025ರ ಮಾರ್ಚ್ 22ರಂದು ಚೆನ್ನೈನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕರೆದ ಸಭೆಯಲ್ಲಿ ಕರ್ನಾಟಕದ ಪರವಾಗಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಭಾಗವಹಿಸಿದ್ದು ಇದೇ ಆತಂಕದಿಂದ. ಅಲ್ಲಿ ಮುಖ್ಯ ವಿಷಯ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ. ಆದರೆ ಬೇರು ಒಂದೇ: ಯಾವ ವರ್ಷದ ಜನರನ್ನು ಎಣಿಸಬೇಕು?

ಇಲ್ಲಿ ಒಂದು ಸಮಾಧಾನದ ಅಂಶ ಹೇಳಬೇಕು. 54 ಮತ್ತು 55ನೇ ವಿಧಿಗಳನ್ನು ತಿದ್ದಲು ಸಂಸತ್ತಿನ ಬಹುಮತ ಮಾತ್ರ ಸಾಲದು. 368ನೇ ವಿಧಿಯಂತೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳು ಒಪ್ಪಬೇಕು. ಅಂದರೆ ಇಂಥ ತಿದ್ದುಪಡಿ ವಿಧಾನಸೌಧಕ್ಕೆ ಬಂದ ದಿನ ಕೆ.ಜಿ.ಎಫ್. ಶಾಸಕರೂ ಬಂಗಾರಪೇಟೆ ಶಾಸಕರೂ ಕೈ ಎತ್ತಬೇಕಾಗುತ್ತದೆ. ಅವರನ್ನು ಕೇಳುವ ಹಕ್ಕು ನಮಗಿದೆ. ಆದರೆ ಏನೂ ಬದಲಾಗಬಾರದು ಎಂದು ಸುಮ್ಮನೆ ಕುಳಿತರೆ ತಿದ್ದುಪಡಿಯೇ ಬೇಕಿಲ್ಲ. 84ನೇ ತಿದ್ದುಪಡಿ ಬರೆದ ಮಾತಿನಂತೆ ಹೊಸ ಗಣತಿಯ ಅಂಕಿ ತಾನಾಗಿಯೇ ಒಳಗೆ ಬರುತ್ತದೆ. ಆದ್ದರಿಂದ ಮಾತಾಡಬೇಕಾದವರು ಮುಂಚೆಯೇ ಮಾತಾಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಬದುಕಿರುವವರನ್ನು ಎಣಿಸದ ಲೆಕ್ಕ ಬಹಳ ಕಾಲ ನಿಲ್ಲಬಾರದು. ಆದರೆ ಐವತ್ತು ವರ್ಷ ಕಟ್ಟಿಟ್ಟದ್ದನ್ನು ಒಂದೇ ದಿನ ಬಿಚ್ಚುವುದೂ ಸರಿಯಲ್ಲ. ಹಂತಹಂತವಾಗಿ ಬದಲಾಗಲಿ, ಶಿಕ್ಷಣದಲ್ಲಿ ಆರೋಗ್ಯದಲ್ಲಿ ದುಡಿದ ರಾಜ್ಯಗಳ ತೂಕ ಥಟ್ಟನೆ ಬೀಳದಂತೆ ಒಂದು ಆಧಾರವಿರಲಿ. ನೀವು ಇದನ್ನು ಒಪ್ಪದಿರಬಹುದು. ಒಪ್ಪದಿದ್ದರೆ ಕೋಪದಿಂದಲ್ಲ, ಲೆಕ್ಕದಿಂದ ಉತ್ತರ ಕೊಡಿ.

ನಮ್ಮ ಕೆಲಸ

ವಿದ್ಯಾರ್ಥಿಗಳೇ, 2025ರ ಜೂನ್ 16ರಂದು ಹೊರಬಿದ್ದ ಅಧಿಸೂಚನೆ ಹೊಸ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಪಡಿಸಿತು. ಗಣತಿದಾರರು ಮನೆಗೆ ಬಂದಾಗ ಬಾಗಿಲು ತೆರೆಯಿರಿ. ಗಣತಿದಾರರಲ್ಲಿ ಬಹಳ ಮಂದಿ ನನ್ನಂಥ ಶಾಲಾ ಉಪಾಧ್ಯಾಯರೇ. ಮನೆಯಲ್ಲಿ ಹುಟ್ಟಿದ ಹಸುಗೂಸನ್ನೂ ಹೇಳಿ, ಹಾಸಿಗೆ ಹಿಡಿದ ನಾನಿಯನ್ನೂ ಹೇಳಿ. ಮಾತೃಭಾಷೆ ಯಾವುದೆಂದು ಕೇಳಿದರೆ ನಿಜ ಹೇಳಿ. ಓದು ಬಾರದ ನೆರೆಮನೆಯವರಿಗೆ ಪ್ರಶ್ನೆ ಅರ್ಥ ಮಾಡಿಸಿ. ಎಣಿಕೆಯಿಂದ ಒಬ್ಬರು ತಪ್ಪಿದರೂ ಊರಿನ ತೂಕ ಅಷ್ಟು ಕಡಿಮೆ.

ಆ ಹುಡುಗ ಈಗ ಬಂಗಾರಪೇಟೆಯಲ್ಲಿ ಕಾಲೇಜು ಓದುತ್ತಿದ್ದಾನೆ. ಹೋದ ತಿಂಗಳು ರೈಲ್ವೆ ನಿಲ್ದಾಣದಲ್ಲಿ ಸಿಕ್ಕಿದ. "ಸರ್, ಮಾಮೂ ಮನೆಗೆ ಹೊರಟೆ" ಎಂದ. ನಾನು ಅವನಿಗೆ ಅಂದು ಕೊಡದ ಉತ್ತರವನ್ನು ಪ್ಲಾಟ್‌ಫಾರಂ ಮೇಲೆ ನಿಂತೇ ಹೇಳಿದೆ: ಕುಪ್ಪಂನವರಿಗಿಂತ ನಾವು ಕಡಿಮೆಯಲ್ಲ, ಹೆಚ್ಚೂ ಅಲ್ಲ, ಆ 131ರಲ್ಲಿ ನೀನಿಲ್ಲ, ಆ 159ರಲ್ಲಿ ನಿನ್ನ ಮಾಮೂನ ಮಕ್ಕಳೂ ಇಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಸಲ ಬರೆಸಬೇಕು ಸರ್" ಎಂದ. ಅಷ್ಟರಲ್ಲಿ ರೈಲು ಬಂತು.